ಸಲ್ಫಾನಿಲಮೈಡ್: ಒಂದು ಅಮೈನೋ ಗುಂಪಿನ ಸುತ್ತ

ಗಂಧಕ ಮತ್ತು ಸಾರಜನಕ ಎರಡನ್ನೂ ಒಳಗೊಂಡ ಔಷಧಗಳ ಪೈಕಿ ಮೊದಲು ಓದಬೇಕಾದದ್ದು ಬ್ಯಾಕ್ಟೀರಿಯಾ ಸೋಂಕಿಗೆ ಮದ್ದಾದ ಸಲ್ಫಾನಿಲಮೈಡ್ ಎಂಬುದು ನನ್ನ ಅಭಿಪ್ರಾಯ. ಬೆಂಜೀನ್ ಉಂಗುರದ ಒಂದು ತುದಿಯಲ್ಲಿ ಅಮೈನೋ ಗುಂಪು (NH₂), ಅದಕ್ಕೆದುರಾಗಿ ಪ್ಯಾರಾ ಸ್ಥಾನದಲ್ಲಿ ಸಲ್ಫೋನಮೈಡ್ ಗುಂಪು (SO₂NH₂), ರಚನೆ ಇಷ್ಟೇ. ಆದರೆ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸುವಾಗಲೂ ದೇಹದೊಳಗೆ ಅದು ಕೆಲಸ ಮಾಡುವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಅಮೈನೋ ಗುಂಪು ಈಗ ಮುಕ್ತವಾಗಿದೆಯೇ, ಇಲ್ಲವೇ ಬೇರೊಂದು ಗುಂಪು ಅದನ್ನು ಮುಚ್ಚಿದೆಯೇ?

ತಯಾರಿಕೆ ಅನಿಲೀನ್‌ನಿಂದ ಆರಂಭವಾಗುತ್ತದೆ. ಅನಿಲೀನ್‌ಗೆ ನೇರವಾಗಿ ಕ್ಲೋರೋಸಲ್ಫೋನಿಕ್ ಆಮ್ಲ ಸೇರಿಸಿದರೆ ಅದು ಮೊದಲು ಅಮೈನೋ ಗುಂಪಿನ ಮೇಲೆಯೇ ವರ್ತಿಸುತ್ತದೆ. ಸಲ್ಫೋನಿಲ್ ಕ್ಲೋರೈಡ್ (SO₂Cl ಗುಂಪುಳ್ಳ ಸಂಯುಕ್ತ) ಉಂಟಾದರೂ ಅದು ಪಕ್ಕದ ಅಣುವಿನ ಅಮೈನೋ ಗುಂಪಿನೊಂದಿಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಅಸಿಟಿಕ್ ಅನ್‌ಹೈಡ್ರೈಡ್ ಬಳಸಿ ಆ ಗುಂಪನ್ನು ಅಸಿಟೈಲ್ ಗುಂಪಿನಿಂದ ಮುಚ್ಚಿ, ಅಸಿಟನಿಲೈಡ್ ಮಾಡಿಕೊಳ್ಳುತ್ತಾರೆ. ಒಣಗಿದ ಫ್ಲಾಸ್ಕ್‌ನಲ್ಲಿ ಇದಕ್ಕೆ ಕ್ಲೋರೋಸಲ್ಫೋನಿಕ್ ಆಮ್ಲವನ್ನು ಸೇರಿಸಿದಾಗ ಹೈಡ್ರೋಜನ್ ಕ್ಲೋರೈಡ್ ಹೊಗೆಯಾಡುತ್ತದೆ. ಕ್ರಿಯೆ ಮುಗಿದ ಮೇಲೆ ದ್ರವವನ್ನು ಪುಡಿ ಮಾಡಿದ ಮಂಜುಗಡ್ಡೆಯ ಮೇಲೆ ಸಣ್ಣ ಧಾರೆಯಾಗಿ ಸುರಿದರೆ ಸಲ್ಫೋನಿಲ್ ಕ್ಲೋರೈಡ್ ಬಿಳಿಯಾಗಿ ಬೇರ್ಪಡುತ್ತದೆ. ಹಸಿಯಾಗಿ ಇಟ್ಟರೆ ಅದು ನಿಧಾನವಾಗಿ ಕೆಡುವುದರಿಂದ ತಡಮಾಡದೆ ಅಮೋನಿಯಾದೊಂದಿಗೆ ಬೆರೆಸಿ ಸಲ್ಫೋನಮೈಡ್ ಆಗಿಸಬೇಕು.

ಕೊನೆಯ ಹಂತದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈಗ ಅಣುವಿನಲ್ಲಿ ಎರಡು ಬಗೆಯ ಅಮೈಡ್‌ಗಳಿವೆ: ಒಂದರಲ್ಲಿ ಸಾರಜನಕ ಅಸಿಟೈಲ್‌ನ ಕಾರ್ಬೊನಿಲ್ (C=O) ಇಂಗಾಲಕ್ಕೆ, ಇನ್ನೊಂದರಲ್ಲಿ ಗಂಧಕಕ್ಕೆ ಅಂಟಿದೆ. ನೀರು ಬೆರೆಸಿ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದಾಗ ಅಸಿಟೈಲ್ ಮಾತ್ರ ಕಳಚುವುದೇಕೆ? ಕಾರ್ಬೊನಿಲ್ ಇಂಗಾಲ ಸಮತಲವಾಗಿದ್ದು ನೀರಿನ ಅಣುವಿಗೆ ಸುಲಭವಾಗಿ ಎಟುಕುತ್ತದೆ, ಆದರೆ ನಾಲ್ಕು ದಿಕ್ಕುಗಳಲ್ಲಿಯೂ ಪರಮಾಣುಗಳಿಂದ ಸುತ್ತುವರಿದ ಗಂಧಕದ ಬಳಿಗೆ ನೀರು ಸುಲಭವಾಗಿ ಸುಳಿಯಲಾರದು. ನಂತರ ದ್ರಾವಣವನ್ನು ಸೋಡಿಯಂ ಬೈಕಾರ್ಬನೇಟ್‌ನಿಂದ ತಟಸ್ಥಗೊಳಿಸಿದರೆ ನೊರೆಯ ಕೆಳಗೆ ಬಿಳಿಯ ಹರಳುಗಳು ಕೂಡುತ್ತವೆ. ಕಾಸ್ಟಿಕ್ ಸೋಡಾ ಹೆಚ್ಚಾದರೆ ಅವು ಮತ್ತೆ ಕರಗುತ್ತವೆ, ಏಕೆಂದರೆ ಸಲ್ಫೋನಮೈಡ್‌ನ ಹೈಡ್ರೋಜನ್ ಸ್ವಲ್ಪ ಆಮ್ಲೀಯವಾದದ್ದು.

ರಸಾಯನಶಾಸ್ತ್ರಜ್ಞ ಪಾಲ್ ಗೆಲ್ಮೊ 1908ರಲ್ಲಿಯೇ ಈ ಸಂಯುಕ್ತವನ್ನು ತಯಾರಿಸಿದ್ದರೂ ಅದರ ಔಷಧಗುಣ ತಿಳಿದದ್ದು ಬಹಳ ತಡವಾಗಿ. ಜರ್ಮನ್ ವಿಜ್ಞಾನಿ ಗೆರ್ಹಾರ್ಡ್ ಡೊಮಾಕ್ 1935ರಲ್ಲಿ ಪ್ರಕಟಿಸಿದ ಪ್ರಾಂಟೋಸಿಲ್ ಎಂಬ ಕೆಂಪು ಬಣ್ಣದ ಔಷಧ ಇಲಿಗಳನ್ನು ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಉಳಿಸುತ್ತಿತ್ತು, ಆದರೆ ಪ್ರನಾಳದಲ್ಲಿ ಅದೇ ಬ್ಯಾಕ್ಟೀರಿಯಾಗಳಿಗೆ ಏನೂ ಆಗುತ್ತಿರಲಿಲ್ಲ. ದೇಹದಲ್ಲಿ ಪ್ರಾಂಟೋಸಿಲ್‌ನ ಅಜೋ ಬಂಧ (ಎರಡು ಸಾರಜನಕ ಪರಮಾಣುಗಳ ನಡುವಿನ ಜೋಡಿ ಬಂಧ) ಮುರಿದು ಸಲ್ಫಾನಿಲಮೈಡ್ ಹೊರಬರುತ್ತದೆ ಎಂಬುದನ್ನು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಸಂಶೋಧಕರು ಅದೇ ವರ್ಷ ತೋರಿಸಿದರು. ಬಣ್ಣವಿಲ್ಲದ ಆ ತುಣುಕೇ ನಿಜವಾದ ಮದ್ದು!

ಬ್ಯಾಕ್ಟೀರಿಯಾಗಳು ಪ್ಯಾರಾ-ಅಮೈನೋಬೆಂಜೋಯಿಕ್ ಆಮ್ಲದಿಂದ ಬೆಳೆಯಲು ಬೇಕಾದ ಫೋಲೇಟ್ ಎಂಬ ಜೀವಸತ್ವವನ್ನು ತಾವೇ ಕಟ್ಟಿಕೊಳ್ಳಬೇಕು. ಆಕಾರದಲ್ಲಿ ಆ ಆಮ್ಲವನ್ನೇ ಹೋಲುವ ಸಲ್ಫಾನಿಲಮೈಡ್ ಡೈಹೈಡ್ರೋಟೆರೋಯೇಟ್ ಸಿಂಥೇಸ್ ಎಂಬ ಕಿಣ್ವದಲ್ಲಿ ಅದರ ಜಾಗವನ್ನು ಹಿಡಿದುಬಿಡುತ್ತದೆ. ನಾವು ಫೋಲೇಟ್ ಅನ್ನು ಆಹಾರದಿಂದ ಪಡೆಯುವುದರಿಂದ ನಮ್ಮ ಜೀವಕೋಶಗಳಲ್ಲಿ ಆ ಕಿಣ್ವವೇ ಇಲ್ಲ. ಔಷಧದ ಅಮೈನೋ ಗುಂಪು ಮುಚ್ಚಿದ್ದರೆ ಈ ಹೋಲಿಕೆ ತಪ್ಪಿ, ಪರಿಣಾಮವೂ ಇಲ್ಲವಾಗುತ್ತದೆ.

ನಮ್ಮ ಯಕೃತ್ತು ಮಾಡುವುದು ಅದನ್ನೇ: ನಾವು ಶ್ರಮಪಟ್ಟು ಕಳಚಿದ ಅಸಿಟೈಲ್ ಗುಂಪನ್ನು ಅದು ಮತ್ತೆ ತೊಡಿಸುತ್ತದೆ. ಸಲ್ಫಾನಿಲಮೈಡ್‌ನ ಬಳಗದ ಹಳೆಯ ಸಲ್ಫಾ ಔಷಧಗಳಲ್ಲಿ ಹೀಗೆ ಉಂಟಾದ ರೂಪ ನೀರಿನಲ್ಲಿ ಕಡಿಮೆ ಕರಗುವುದರಿಂದ ಆಮ್ಲೀಯ ಮೂತ್ರದಲ್ಲಿ ಹರಳುಗಟ್ಟಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿತ್ತು. ಸಲ್ಫಾ ಮಾತ್ರೆಯ ಜೊತೆಗೆ ಧಾರಾಳವಾಗಿ ನೀರು ಕುಡಿಯಿರಿ ಎಂದು ವೈದ್ಯರು ಇಂದಿಗೂ ಹೇಳುವುದು ಈ ಕಾರಣಕ್ಕೆ.