ಸಂಶೋಧನೆ ಒಳ್ಳೆಯದೋ ಅಲ್ಲವೋ, ಹೇಳೋರು ಯಾರು?

ಬಳ್ಳಾರಿ ಕಡೆ ಪಿಎಚ್‌ಡಿ ಮಾಡುವ ನಾವು ನಾಲ್ಕು ಜನ ಸೇರಿದರೆ ಮಾತು ಶುರುವಾಗುವುದೇ ಪೇಪರ್‌ನಿಂದ, ಅಂದರೆ ಪತ್ರಿಕೆಯಲ್ಲಿ ಪ್ರಕಟಿಸಬೇಕಾದ ಸಂಶೋಧನಾ ಲೇಖನದಿಂದ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಪತ್ರಿಕೆಗಳ ಪಟ್ಟಿ, ಅದೇ ಕೇರ್ ಲಿಸ್ಟ್, ಇದೆಯಾ, ಹೋಯ್ತಾ? ಹಳೇ ಪೇಪರ್ ನಡೆಯುತ್ತಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೇ ಇದರ ಹಿನ್ನೆಲೆ ಬರೆಯುತ್ತಿದ್ದೇನೆ.

1665ರಲ್ಲಿ ಲಂಡನ್ನಿನಲ್ಲಿ ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್ ಅನ್ನೋ ವಿಜ್ಞಾನ ಪತ್ರಿಕೆ ಶುರುವಾಯಿತು, ಬೇರೆ ವಿದ್ವಾಂಸರಿಗೆ ಓದಿಸಿ ಅಚ್ಚು ಹಾಕುವ ರೂಢಿ ಎಲ್ಲ ಕಡೆ ಹರಡಿದ್ದು ಎರಡನೇ ಮಹಾಯುದ್ಧದ ನಂತರ, ಆಮೇಲೆ ಒಂದು ಪತ್ರಿಕೆಯ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅಂತ ಎಣಿಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಬಂತು, 2005ರಲ್ಲಿ ಒಬ್ಬ ಸಂಶೋಧಕರ ಲೇಖನ, ಉಲ್ಲೇಖ ಎರಡನ್ನೂ ಒಂದೇ ಅಂಕಿಯಲ್ಲಿ ಹೇಳುವ ಎಚ್-ಇಂಡೆಕ್ಸ್ ಬಂತು. ಓದಿ ತೂಗುತ್ತಿದ್ದ ಕೆಲಸ ನಿಧಾನಕ್ಕೆ ಎಣಿಕೆಗೆ ಬಂತು.

ಎಣಿಕೆ ಇಲ್ಲದೆಯೂ ತಿಳಿವಳಿಕೆ ಹೇಗೆ ಗಟ್ಟಿಯಾಗುತ್ತದೆ ಅನ್ನೋದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಹತ್ತಿರ ಬೂದಿದಿಬ್ಬ, ಅಂದರೆ ಬಹಳ ಹಳೇ ಕಾಲದ ಬೂದಿಯ ಗುಡ್ಡೆ, ಸಿಗುತ್ತದೆ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದ್ದೇ ಒಂದಿದೆ, ಅದನ್ನು ಜನ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಈ ದಿಬ್ಬಗಳದ್ದು ಸಗಣಿಯ ಬೂದಿ ಅಂತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ 19ನೇ ಶತಮಾನದಲ್ಲೇ ವಾದಿಸಿದರು. ಎಲ್ಲರೂ ಒಪ್ಪಲಿಲ್ಲ, ಕಬ್ಬಿಣ ಕಾಯಿಸಿದ ಕಿಟ್ಟ ಅಂದವರೂ ಇದ್ದರು. 1960ರಲ್ಲಿ ಝಾಯ್ನರ್ ಅನ್ನೋ ವಿದ್ವಾಂಸರು ಬೂದಿಯನ್ನೇ ಪರೀಕ್ಷೆಗೆ ಹಚ್ಚಿ ಸಗಣಿಯದ್ದೇ ಅಂದರು. ಪುರಾತತ್ವಜ್ಞ ಆಲ್ಚಿನ್ ತೆಲಂಗಾಣದ ಉಟ್ನೂರಿನ ಬೂದಿದಿಬ್ಬ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಹಾಗಾದರೆ ಅವು ಬರೀ ದನದ ದೊಡ್ಡಿಗಳಾ, ಅಥವಾ ಏನೋ ಆಚರಣೆಗೆ ಬೇಕಂತಲೇ ಸುಡುತ್ತಿದ್ದರಾ? ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಯಾರು ಯಾವುದನ್ನು ನೋಡಿ ಏನು ಹೇಳಿದರು ಅಂತ ಇವತ್ತೂ ತೆಗೆದು ನೋಡಬಹುದು, ತಪ್ಪು ಹಿಡಿಯಬಹುದು. ನನಗೆ ಗುಣಮಟ್ಟ ಅಂದರೆ ಇದೇ.

ಈಗ ನಮ್ಮ ಕಾಲಕ್ಕೆ ಬರೋಣ. 2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕಾತಿ, ಬಡ್ತಿಗೆ ಎಪಿಐ ಸ್ಕೋರ್ ತಂದಿತು. ಪೇಪರಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಅಂತ ಅಂಕ. 2016ರ ಯುಜಿಸಿ ಪಿಎಚ್‌ಡಿ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಪ್ರಕಟವಾಗಲೇಬೇಕು, ಎರಡು ಸಮ್ಮೇಳನದಲ್ಲಿ ಓದಲೇಬೇಕು ಅಂತಾಯಿತು. ಎಲ್ಲರಿಗೂ ಪೇಪರ್ ಬೇಕು, ಅದೂ ಬೇಗ ಬೇಕು ಅಂದಮೇಲೆ ದುಡ್ಡು ತಗೊಂಡು ಹಾಕಿಕೊಡುವ ಅಂಗಡಿಗಳು ಹುಟ್ಟದೇ ಇರುತ್ತಾವಾ? ಮೂರು ದಿನದಲ್ಲಿ ಪ್ರಕಟ, ಐಎಸ್‌ಎಸ್‌ಎನ್ ಸಮೇತ ಅಂತ ವಾಟ್ಸಾಪ್‌ಗೆ ಮೆಸೇಜ್ ಬರುತ್ತದೆ. ಐಎಸ್‌ಎಸ್‌ಎನ್ ಅನ್ನೋದು ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಯ ನಂಬರ್ ಅಷ್ಟೇ, ಒಳಗಿನ ಲೇಖನವನ್ನು ಯಾರಾದರೂ ಓದಿದ್ದಾರೋ ಇಲ್ಲವೋ ಅದು ಹೇಳೋದೇ ಇಲ್ಲ. ಇದು ಗೊತ್ತಿಲ್ಲದೆ ಸ್ಕಾಲರ್‌ಶಿಪ್ ದುಡ್ಡು ಕಟ್ಟಿದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಯುಜಿಸಿ 2017ರಲ್ಲಿ ಒಪ್ಪಿಗೆ ಪಡೆದ ಪತ್ರಿಕೆಗಳ ಪಟ್ಟಿ ಹೊರಡಿಸಿತು. ಅದರಲ್ಲೂ ಕಳಪೆ ಪತ್ರಿಕೆಗಳು ನುಗ್ಗಿದ್ದವು, ಮುಂದಿನ ವರ್ಷವೇ 4,305 ಹೆಸರು ತೆಗೆಯಬೇಕಾಯಿತು. 2019ರಲ್ಲಿ ಕೇರ್ ಲಿಸ್ಟ್ ಬಂತು. ಕೂಡಲೇ ಪಟ್ಟಿಯಲ್ಲಿದ್ದ ಪತ್ರಿಕೆಗಳ ಹೆಸರಲ್ಲೇ ನಕಲಿ ವೆಬ್‌ಸೈಟ್‌ಗಳು ಎದ್ದವು. 2022ರಲ್ಲಿ ಥೀಸಿಸ್‌ಗೆ ಮೊದಲು ಪೇಪರ್ ಕಡ್ಡಾಯ ಅನ್ನೋ ಯುಜಿಸಿ ನಿಯಮ ಹೋಯಿತು, 2025ರ ಫೆಬ್ರವರಿಯಲ್ಲಿ ಕೇರ್ ಲಿಸ್ಟನ್ನೇ ಕೈಬಿಟ್ಟಿದ್ದೇವೆ ಅಂತ ಯುಜಿಸಿ ತಿಳಿಸಿತು.

ಈಗ ಯುಜಿಸಿ ಕೊಟ್ಟಿರುವುದು ಸಲಹೆಯ ರೂಪದ ಮಾನದಂಡಗಳು ಮಾತ್ರ. ಯಾವ ಪತ್ರಿಕೆ ಸರಿ ಅಂತ ಆಯಾ ವಿಶ್ವವಿದ್ಯಾಲಯ, ಕಾಲೇಜುಗಳೇ ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸಲು ಕೂರುವವರು ಪತ್ರಿಕೆಯ ಹೆಸರು ನೋಡಿ ಎದ್ದು ಹೋಗದೆ ಲೇಖನವನ್ನೇ ಓದಲಿ, ಡೇಟಾ ಎಲ್ಲಿಂದ ತಂದೆ, ಇನ್ನೊಬ್ಬರು ಹೋಗಿ ನೋಡಿದರೆ ಅದೇ ಸಿಗುತ್ತಾ ಅಂತ ನಮ್ಮನ್ನು ಕೂರಿಸಿ ಕೇಳಲಿ. ಒಬ್ಬೊಬ್ಬರಿಗೆ ಅರ್ಧ ದಿನ ಹಿಡಿದರೂ ಸರಿ.