ನಿದ್ದೆ ಮಾತ್ರೆ ಬಿಟ್ಟ ಮೂರನೇ ದಿನ

ಕುಕ್ಕರ್ ಸೀಟಿ ಹೊಡೆಯುತ್ತದೆ. ದಿನಾ ಕೇಳುವ ಸದ್ದೇ. ಇವತ್ತು ಮಾತ್ರ ಎದೆ ಧಸಕ್ಕೆನ್ನುತ್ತದೆ, ಅಂಗೈ ಬೆವರುತ್ತದೆ, ಕಾಫಿ ಲೋಟ ಹಿಡಿದ ಬೆರಳು ನಡುಗುತ್ತವೆ. ರಾತ್ರಿಯಿಡೀ ನಿದ್ದೆಯಿಲ್ಲ. ಎರಡು ವರ್ಷದಿಂದ ನುಂಗುತ್ತಿದ್ದ ಆಲ್ಪ್ರಜೋಲಾಮ್ ಮಾತ್ರೆಯನ್ನು ‘ಇನ್ನು ಸಾಕು’ ಅಂತ ಒಮ್ಮೆಗೇ ಬಿಟ್ಟರೆ ಹೀಗಾಗಬಹುದು. ‘ಹಳೇ ಕಾಯಿಲೆ ಮತ್ತೆ ಶುರುವಾಯ್ತು’ ಅನ್ನುತ್ತಾರೆ ಮನೆಯವರು. ಎಷ್ಟೋ ಸಲ ಅದು ಹಳೇ ಕಾಯಿಲೆಯೇ ಅಲ್ಲ, ಮಾತ್ರೆ ಒಮ್ಮೆಗೇ ಬಿಟ್ಟದ್ದರ ಕಾಟ.

ನಮ್ಮ ಮಿದುಳಿನ ನರಕೋಶಗಳನ್ನು ತಣ್ಣಗಿಡುವ ರಾಸಾಯನಿಕದ ಹೆಸರು ಗಾಬಾ. ಆಲ್ಪ್ರಜೋಲಾಮ್ ಸೇರಿದಂತೆ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳು ಅದರ ಕೈ ಬಲಪಡಿಸುತ್ತವೆ. ಆಗ ಕೋಶದೊಳಕ್ಕೆ ಕ್ಲೋರೈಡ್ ಜಾಸ್ತಿ ನುಗ್ಗಿ ಕೋಶ ಸುಮ್ಮನಾಗುತ್ತದೆ. ವಾರಗಟ್ಟಲೆ ಇದೇ ನಡೆದರೆ ಮಿದುಳು ಸುಮ್ನೆ ಕೂರುವುದಿಲ್ಲ. ಗಾಬಾದ ಮಾತಿಗೆ ಕಿವಿಗೊಡುವುದನ್ನು ಕಮ್ಮಿ ಮಾಡುತ್ತದೆ, ಕೆರಳಿಸುವ ಕಡೆ ಜೋರು ಮಾಡುತ್ತದೆ. ಹಗ್ಗಜಗ್ಗಾಟ ಆಡಿದ್ದೀರಲ್ವಾ? ಎದುರಿನವರು ದಿಢೀರನೆ ಹಗ್ಗ ಬಿಟ್ಟರೆ ನಮ್ಮದೇ ಬಲಕ್ಕೆ ನಾವು ಅಂಗಾತ ಬೀಳುತ್ತೇವೆ. ಇಲ್ಲೂ ಹಾಗೇ.

ಇದೇನು ಹೊಸದಾಗಿ ಗೊತ್ತಾದ ಸಂಗತಿಯಲ್ಲ. ಈ ಗುಂಪಿನ ಮೊದಲ ಮಾತ್ರೆ ಲಿಬ್ರಿಯಮ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಮರುವರ್ಷವೇ ಅಮೆರಿಕದ ಲಿಯೊ ಹಾಲಿಸ್ಟರ್ ತಂಡ ಒಂದು ಪ್ರಯೋಗದ ವರದಿ ಕೊಟ್ಟಿತು. ತಿಂಗಳುಗಟ್ಟಲೆ ಭಾರಿ ಪ್ರಮಾಣದಲ್ಲಿ ಲಿಬ್ರಿಯಮ್ ನುಂಗಿದ್ದ 11 ರೋಗಿಗಳಿಗೆ ಥಟ್ಟನೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟಿದ್ದರು. 10 ಜನರಿಗೆ ತೊಂದರೆಯಾಯಿತು, ಇಬ್ಬರಿಗೆ ಫಿಟ್ಸ್ ಬಂತು. ಅದೂ ಒಂದು ವಾರ ಕಳೆದ ಮೇಲೆ! ಈಗ ಇಂಥ ಪ್ರಯೋಗಕ್ಕೆ ಯಾರೂ ಒಪ್ಪಲಾರರು. ಎಚ್ಚರಿಕೆಯಂತೂ ಆಗಲೇ ಸಿಕ್ಕಿತ್ತು. ಆದರೂ ಮಾತ್ರೆ ಬಿಟ್ಟರೆ ಆಗುವ ತೊಂದರೆಯನ್ನು ಔಷಧದ ಮಾಹಿತಿ ಪತ್ರದಲ್ಲಿ ಚೌಕಟ್ಟಿನೊಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ್ದು 2020ರಲ್ಲಿ.

ಆ ಇಬ್ಬರಿಗೆ ಫಿಟ್ಸ್ ಬರಲು ವಾರ ಯಾಕೆ ಬೇಕಾಯಿತು? ಲಿಬ್ರಿಯಮ್, ಅದೇ ಗುಂಪಿನ ಡಯಜೆಪಾಮ್ ಮೈಯಿಂದ ನಿಧಾನಕ್ಕೆ ಇಳಿಯುತ್ತವೆ. ಆಲ್ಪ್ರಜೋಲಾಮ್ ಹಾಗಲ್ಲ, ಸುಮಾರು 11 ಗಂಟೆಗೇ ರಕ್ತದಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಅದನ್ನು ಬಿಟ್ಟರೆ ಒಂದೆರಡು ದಿನದಲ್ಲೇ ಕಾಟ ಶುರು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಡಾ. ಹೆದರ್ ಆಷ್ಟನ್ ಈ ಮಾತ್ರೆ ಬಿಡಲು ಹೊರಟವರಿಗಾಗಿಯೇ ಕ್ಲಿನಿಕ್ ನಡೆಸಿದರು. ಬೇಗ ಇಳಿಯುವ ಮಾತ್ರೆಯ ಬದಲು ಡಯಜೆಪಾಮ್ ಕೊಟ್ಟು, ಅದನ್ನು ಚೂರುಚೂರೇ ಇಳಿಸುವುದು ಅವರ ದಾರಿ. ಅವರ ಲೆಕ್ಕದಲ್ಲಿ ಅರ್ಧ ಮಿಲಿಗ್ರಾಂ ಆಲ್ಪ್ರಜೋಲಾಮ್ ಅಂದರೆ 10 ಮಿಲಿಗ್ರಾಂ ಡಯಜೆಪಾಮ್‌ಗೆ ಸಮ. ‘ಇಷ್ಟು ಪುಟ್ಟ ಮಾತ್ರೆ ಏನು ಮಾಡೀತು’ ಅನ್ನುವವರು ಗಮನಿಸಿ.

ಈಗಲೂ ವೈದ್ಯರು 2ರಿಂದ 4 ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಮಾತ್ರ ಕಡಿಮೆ ಮಾಡುತ್ತಾ ಹೋಗುತ್ತಾರೆ. ನಾವೇ ಮನೆಯಲ್ಲಿ ಬ್ಲೇಡ್ ಹಿಡಿದು ಮಾಡುವ ಲೆಕ್ಕವಲ್ಲ ಇದು. ತಿಂಗಳುಗಳೇ ಹಿಡಿಯಬಹುದು, ಕೊನೆಯ ಕಾಲು ಮಾತ್ರೆಗೇ ಜಾಸ್ತಿ ದಿನ.