ಪ್ರಾಯವಾದುದು ಮೀನಿಗೋ, ತೊಟ್ಟಿಯ ನೀರಿಗೋ?

ಏಳೆಂಟು ವರ್ಷ ಸಾಕಿದ ಗೋಲ್ಡ್ ಫಿಶ್ ಸೊರಗತೊಡಗಿದಾಗ ಮನೆಯವರು ಹೇಳುವ ಮೊದಲ ಮಾತು, 'ಅದಕ್ಕೆ ಪ್ರಾಯವಾಯಿತು ಡಾಕ್ಟ್ರೇ' ಎಂಬುದು. ಗಪ್ಪಿಯ ಮಟ್ಟಿಗೆ ಈ ಮಾತು ಎರಡು-ಮೂರು ವರ್ಷಕ್ಕೇ ನಿಜವಾಗಬಹುದು, ಫೈಟರ್ ಮೀನಿಗೆ ಮೂರು-ನಾಲ್ಕು ವರ್ಷಕ್ಕೆ. ಆದರೆ ಸರಿಯಾಗಿ ನೋಡಿಕೊಂಡ ಗೋಲ್ಡ್ ಫಿಶ್ 10ರಿಂದ 15 ವರ್ಷ ಬದುಕುತ್ತದೆ. ಏಂಜೆಲ್, ಆಸ್ಕರ್ ಮೀನುಗಳೂ ಹತ್ತರ ಆಸುಪಾಸಿಗೆ ಬರುತ್ತವೆ. ಮುಪ್ಪು ಮೀನಿನ ತಾಳಿಕೆಯನ್ನು ಕುಗ್ಗಿಸುತ್ತದೆ ನಿಜ, ಆದರೂ ಉಳಿದ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಅದರ ಹೆಸರು ಹೇಳಬೇಕು. ಕಾಸರಗೋಡಿನಲ್ಲಿ ನಾನು ಮೊದಲು ಸಂಶಯಪಡುವುದು ನೀರನ್ನು.

ಮುರಕಲ್ಲಿನ ನೆಲದ ನಮ್ಮ ಬಾವಿಗಳ ಮತ್ತು ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳ ನೀರು ಮೃದುವಾದುದು, ಸ್ವಲ್ಪ ಆಮ್ಲಗುಣದ್ದು, ಸುಣ್ಣದ ಅಂಶ ಬಹಳ ಕಡಿಮೆ ಇರುವಂಥದ್ದು. ಮೀನು ಹೊರಬಿಡುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೇಟಾಗಿ ಬದಲಿಸುವಾಗ ನೀರಿನ ಕ್ಷಾರಗುಣ ಖರ್ಚಾಗುತ್ತ ಹೋಗುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಬೇಕು. ಮೊದಲೇ ಕ್ಷಾರ ಕಡಿಮೆಯಿರುವ ನೀರಿನಲ್ಲಿ, ಆವಿಯಾದಷ್ಟನ್ನೇ ಸುರಿದು ತುಂಬಿಸುತ್ತ ವರ್ಷಗಟ್ಟಲೆ ನಡೆಸಿದ ತೊಟ್ಟಿಯಲ್ಲಿ, ಪಿಎಚ್ (7ಕ್ಕಿಂತ ಇಳಿದಷ್ಟೂ ನೀರು ಹೆಚ್ಚು ಆಮ್ಲ ಎಂದು ತೋರಿಸುವ ಅಳತೆ) ಮೆಲ್ಲಮೆಲ್ಲನೆ 6ಕ್ಕಿಂತ ಕೆಳಗಿಳಿದು ಆ ಬ್ಯಾಕ್ಟೀರಿಯಾಗಳ ಕೆಲಸವೂ ಬಹುಮಟ್ಟಿಗೆ ನಿಂತುಹೋಗುತ್ತದೆ. ಅಲ್ಲಿರುವ ಹಳೆಯ ಮೀನು ದಿನದಿನಕ್ಕೆ ಒಗ್ಗಿಕೊಂಡು ಬದುಕಿರುತ್ತದೆ, ಆದರೆ ಮೇವು ಮೈಗೆ ಹತ್ತುವುದಿಲ್ಲ.

ಇಂಥ ತೊಟ್ಟಿಯನ್ನು ಒಂದೇ ದಿನದಲ್ಲಿ ಸರಿಪಡಿಸಲು ಹೊರಡುವುದು ಅಪಾಯ. ಆಮ್ಲಗುಣದ ನೀರಿನಲ್ಲಿ ಅಮೋನಿಯಾದ ಬಹುಪಾಲು ಹೆಚ್ಚು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಸೋಡಾಪುಡಿಯನ್ನೋ ಸುಣ್ಣದ ತಿಳಿಯನ್ನೋ ಒಮ್ಮೆಗೇ ಸುರಿದ ಮರುದಿನ ಮೀನು ಸತ್ತರೆ ಕಾರಣ ಇದೇ. ದಿನಕ್ಕೆ ಹತ್ತು ಶೇಕಡದಂತೆ, ರಾತ್ರಿಯಿಡೀ ಗಾಳಿ ಹಾಯಿಸಿದ ಬಾವಿ ನೀರನ್ನು ಬದಲಿಸುತ್ತ ಬನ್ನಿ. ನಳ್ಳಿ ನೀರಾದರೆ ಕ್ಲೋರಿನ್ ಹೋಗಲು ಬೇಕಾದ ಕ್ರಮ ಕೈಗೊಳ್ಳಿ. ಕ್ಷಾರಗುಣ ಉಳಿಸಲು ದುಬಾರಿ ಪುಡಿಗಳು ಬೇಕಿಲ್ಲ. ಅಡುಗೆಮನೆಯಲ್ಲಿ ಬಿಸಾಡುವ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ಒಂದು ಹಿಡಿಯಷ್ಟನ್ನು ಫಿಲ್ಟರಿನಲ್ಲಿಟ್ಟರೆ ಅದು ಬೇಕಾದಷ್ಟೇ ನಿಧಾನವಾಗಿ ಕರಗುತ್ತದೆ.

ಮಾರ್ಚ್‌ನಿಂದ ಮೇವರೆಗಿನ ಸೆಕೆ ಗೋಲ್ಡ್ ಫಿಶ್‌ಗೆ ಇನ್ನೊಂದು ಹೊರೆ. ತಂಪು ನೀರಿನ ಈ ಮೀನು 30 ಡಿಗ್ರಿ ದಾಟಿದ ನೀರಿನಲ್ಲಿ ಮೈಯ ಕಸುವನ್ನು ಬೇಗ ಖರ್ಚುಮಾಡುತ್ತದೆ, ಅದೇ ಹೊತ್ತಿಗೆ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ವಿದ್ಯುತ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ.

ನೀರು ಸರಿಯಿದ್ದರೆ ಮೀನನ್ನು ನೋಡಬೇಕು, ಮೇಲಿನಿಂದ ನೋಡಬೇಕು. ತಲೆ ದೊಡ್ಡದಾಗಿ, ಅದರ ಹಿಂದೆ ಬೆನ್ನು ಸಪೂರವಾಗಿ ಕಂಡರೆ ಮಾಂಸ ಕರಗಿದೆ ಎಂದರ್ಥ. ಬೆನ್ನು ಸೊರಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ, ಅದನ್ನು ಕೊಬ್ಬೆಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಅದು ಹೊಟ್ಟೆಯಲ್ಲಿ ನೀರು ತುಂಬಿದ್ದಿರಬಹುದು, ಗೆಡ್ಡೆಯೂ ಇರಬಹುದು. ಹುರುಪೆಗಳು ಅನನಾಸಿನ ಮೈಯಂತೆ ಎದ್ದು ನಿಂತರೆ ಮೂತ್ರಪಿಂಡ ಸೋತಿರುವ ಸಾಧ್ಯತೆ ಹೆಚ್ಚು, ಚೇತರಿಕೆಯ ನಿರೀಕ್ಷೆ ಕಡಿಮೆ. ಅಂದಾಜಿನ ಬದಲು ತೂಕವನ್ನೇ ನೋಡಬಹುದು: ಡಿಜಿಟಲ್ ತಕ್ಕಡಿಯ ಮೇಲೆ ತೊಟ್ಟಿಯದೇ ನೀರಿರುವ ಪಾತ್ರೆಯನ್ನಿಟ್ಟು, ಸೊನ್ನೆಗೆ ತಂದು, ಒದ್ದೆ ಬಲೆಯಲ್ಲಿ ಹಿಡಿದ ಮೀನನ್ನು ಅದರೊಳಗೆ ಬಿಟ್ಟು ತಿಂಗಳಿಗೊಮ್ಮೆ ಬರೆದಿಡಿ.

ಮೇವಿನ ಹೊತ್ತಿನಲ್ಲಿ ತೊಟ್ಟಿಯ ಬಳಿ ಕುಳಿತು ನೋಡುವುದು ಯಾವ ಪರೀಕ್ಷೆಗೂ ಕಡಿಮೆಯಲ್ಲ. ಹಳೆಯ ಮೀನಿನ ಕಣ್ಣಿಗೆ ಪೊರೆ ಬಂದಿರಬಹುದು. ಎಳೆಯ ಮೀನುಗಳು ತೇಲುವ ಮೇವನ್ನು ಮುಗಿಸುವ ತನಕ ಅದು ಮೂಲೆಯಲ್ಲೇ ಇರಬಹುದು. ನೆನೆಸಿದ, ಮುಳುಗುವ ಮೇವನ್ನು ದಿನವೂ ಒಂದೇ ಜಾಗದಲ್ಲಿ ಹಾಕಿದರೆ ಕೆಲವು ಮೀನುಗಳು ಔಷಧವಿಲ್ಲದೆ ಮೈದುಂಬಿಕೊಳ್ಳುತ್ತವೆ. ದೊಡ್ಡ ಡಬ್ಬದ ಮೇವು ಅಗ್ಗವೆಂದು ತಂದು ಇಡೀ ಮಳೆಗಾಲ ತೆರೆದಿಟ್ಟರೆ ಬೂಸ್ಟು ಹಿಡಿಯುತ್ತದೆ. ಅದಕ್ಕೂ ಮುನ್ನವೇ ವಿಟಮಿನ್ ಸಿ ಕುಂದಿ, ಕೊಬ್ಬು ಕಮಟಾಗಿರುತ್ತದೆ.

ಚೆನ್ನಾಗಿ ತಿಂದೂ ಸೊರಗುವ ಮೀನಿನಲ್ಲಿ ಕರುಳಿನ ಪರೋಪಜೀವಿಗಳನ್ನು ಹುಡುಕಬೇಕು. ಗುದದ್ವಾರದಲ್ಲಿ ಕೆಂಪು ದಾರದಂತೆ ಇಣುಕುವ ಕ್ಯಾಮಲ್ಲಾನಸ್ ಹುಳಕ್ಕೆ ಲೆವಾಮಿಸೋಲ್ ಕೆಲಸಮಾಡುತ್ತದೆ. ಔಷಧ ಕೊಟ್ಟ ಮೇಲೆ ತಳಕ್ಕೆ ಬಿದ್ದ ಹುಳಗಳನ್ನು ಸೈಫನ್ ಮಾಡಿ ತೆಗೆಯದಿದ್ದರೆ ಉಪಯೋಗವಿಲ್ಲ. ಏಂಜೆಲ್, ಡಿಸ್ಕಸ್ ಮೀನುಗಳ ಬಿಳಿ ಲೋಳೆಯ ಮಲ ಹೆಕ್ಸಾಮಿಟಾದಂಥ ಸೂಕ್ಷ್ಮಜೀವಿಯನ್ನು ಸೂಚಿಸಬಹುದು, ಆದರೆ ಉಪವಾಸವಿರುವ ಮೀನಿನ ಮಲವೂ ಹಾಗೆಯೇ ಕಾಣುವುದರಿಂದ ಮೈಕ್ರೋಸ್ಕೋಪಿನಲ್ಲಿ ನೋಡದೆ ಮೆಟ್ರೋನಿಡಜೋಲ್ ಔಷಧ ಹಾಕುವುದು ಸರಿಯಲ್ಲ. ಮನುಷ್ಯರಿಗೆಂದು ತಂದು ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲನ್ನು ತೊಟ್ಟಿಗೆ ಸುರಿಯುವ ರೂಢಿಯಂತೂ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೇ ಕೊಲ್ಲಬಹುದು. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದಲ್ಲಿ 2024ರಲ್ಲಿ 'ಆಪರೇಷನ್ ಅಮೃತ್' ಆರಂಭವಾದುದು ಮೀನು ಸಾಕುವವರಿಗೂ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ.

ತಿಂಗಳುಗಟ್ಟಲೆ ಸೊರಗುತ್ತ, ಬೆನ್ನೆಲುಬು ಬಾಗಿ, ವಾಸಿಯಾಗದ ಹುಣ್ಣುಗಳಾದರೆ ಮೀನಿನ ಕ್ಷಯವನ್ನು ನೆನೆಯಬೇಕು. ಇದಕ್ಕೆ ಕಾರಣವಾಗುವ ಮೈಕೋಬ್ಯಾಕ್ಟೀರಿಯಂ ಮರೀನಂ ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ತಗಲುತ್ತದೆ. ಮೀನಿಗೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ಗಾಯವಿರುವ ಕೈಯನ್ನು ತೊಟ್ಟಿಗೆ ಹಾಕಬೇಡಿ, ಬಾಯಿಯಿಂದ ಪೈಪ್ ಎಳೆದು ನೀರು ತೆಗೆಯುವುದನ್ನು ನಿಲ್ಲಿಸಿ, ವಾರಗಟ್ಟಲೆ ಮಾಯದ ಗಂಟು ಕೈಯಲ್ಲಿ ಕಂಡರೆ ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ವೈದ್ಯರಿಗೆ ತಿಳಿಸಿ.

ಗುಣವಾಗುವ ಲಕ್ಷಣವಿಲ್ಲದೆ, ಮೇವು ಬಿಟ್ಟು, ಮಗ್ಗುಲಿಗೆ ಬಿದ್ದ ಮೀನನ್ನು ಮದಕಕ್ಕೋ ದೇವಸ್ಥಾನದ ಕೆರೆಗೋ ಬಿಟ್ಟರೆ ಅದರ ರೋಗ ಅಲ್ಲಿನ ಮೀನುಗಳಿಗೂ ಹೋಗಬಹುದು. ಲವಂಗದ ಎಣ್ಣೆಯಿಂದ ಅರಿವಳಿಕೆ ಕೊಟ್ಟು ನೋವಿಲ್ಲದೆ ಕೊನೆಗಾಣಿಸುವ ವಿಧಾನವಿದೆ. ಪ್ರಮಾಣವನ್ನು ಪಶುವೈದ್ಯರಿಂದ ಕೇಳಿಕೊಳ್ಳಿ. ಆಮೇಲೆ ಕಾರಣ ತಿಳಿಯಬೇಕೆಂದಿದ್ದರೆ ಮೀನನ್ನು ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದ ಅಂಗಾಂಶ ಪರೀಕ್ಷೆಗೆ ಒದಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸಿನ ಮೇಲಿಟ್ಟು, ಅದೇ ದಿನ ತನ್ನಿ. ತೊಟ್ಟಿಯ ನೀರನ್ನು ಬೇರೊಂದು ಬಾಟಲಿಯಲ್ಲಿ ತನ್ನಿ.